ಮೂರು ಗುಡಿಸಲಿಗೆ ಒಬ್ಬ ಗಂಡ

ಆ ಮೀಸೆಯನ್ನು ಉಚ್ಚೆಂಗೆಪ್ಪ ಮೂರನೇ ಸಲ ನೋಡುತ್ತಿದ್ದ.

ಮೊದಲು ನೋಡಿದ್ದು ಸಿರುಗುಪ್ಪದಲ್ಲಿ. ಆಗ ಅದರ ಹೆಸರು ಹುಲುಗಪ್ಪ, ಹನುಮಮ್ಮನ ಗಂಡ. ಆಮೇಲೆ ಕುರುಗೋಡಿನಲ್ಲಿ. ಅಲ್ಲಿ ಜೋಗಪ್ಪ, ಹೊನ್ನೂರಮ್ಮನ ಗಂಡ. ಈಗ ಬಳ್ಳಾರಿಯ ಕೌಲ್ ಬಜಾರಿನ ಹಿಂದಿನ ಬಯಲಲ್ಲಿ, ಗುಡಿಸಲ ಬಾಗಿಲಲ್ಲಿ ಕೂತು ಅದೇ ಮೀಸೆ ಗಂಜಿ ಕುಡಿಯುತ್ತಿತ್ತು. ಕುಡಿಯುವಾಗ ಒಂದು ಬೆರಳು ಮೀಸೆಯನ್ನು ಒತ್ತಿ ಹಿಡಿದಿತ್ತು.

"ಹೆಸರು?"

"ಎರ್ರಣ್ಣರಿ."

"ಇಕಿ ಯಾರು?"

"ನನ್ನ ಹೆಂಡ್ತಿರಿ, ಮೂಕಮ್ಮ."

ಗೊಗ್ಗರು ದನಿ. ಊರಿಗೆ ಬೆಂಕಿ ಬಿದ್ದಾಗ ಹೊಗೆ ಗಂಟಲಿಗೆ ಇಳಿಯಿತಂತೆ. ಹುಲುಗಪ್ಪನೂ ಹಾಗೇ ಹೇಳಿದ್ದ. ಜೋಗಪ್ಪನೂ ಹಾಗೇ ಹೇಳಿದ್ದ. ಉಚ್ಚೆಂಗೆಪ್ಪ ಏನೂ ತೋರಗೊಡದೆ ಮುಂದಿನ ಗುಡಿಸಲಿಗೆ ನಡೆದ.

ಅದು ನಲವತ್ತೆಂಟರ ಬೇಸಿಗೆ. ರಜಾಕಾರರ ಹಾವಳಿಗೆ ಹೆದರಿ ನಿಜಾಮನ ಸೀಮೆಯ ಜನ ತುಂಗಭದ್ರೆ ದಾಟಿ ಬಂದು ಬೀಳುತ್ತಿದ್ದರು. ಗಂಡ ಒಂದು ಊರು, ಹೆಂಡತಿ ಇನ್ನೊಂದು, ಮುದುಕಿ ಮತ್ತೆಲ್ಲೋ. ಯಾರು ಎಲ್ಲಿದ್ದಾರೆಂದು ಪತ್ತೆ ಹಚ್ಚಿ ಕೂಡಿಸುವುದು ಪರಿಹಾರ ಸಮಿತಿಯ ಗುಮಾಸ್ತ ಉಚ್ಚೆಂಗೆಪ್ಪನ ಕೆಲಸ. ವಾರಕ್ಕೊಮ್ಮೆ ಒಂದೊಂದು ಶಿಬಿರಕ್ಕೆ ಹೋಗಿ ತಲೆ ಎಣಿಸುತ್ತಿದ್ದ. ಅದೆಷ್ಟೋ ಸಂಸಾರಗಳನ್ನು ಕೂಡಿಸಿದ್ದ. ನಲವತ್ತು ದಾಟಿದರೂ ತನ್ನದೊಂದು ಸಂಸಾರ ಕೂಡಿಬಂದಿರಲಿಲ್ಲ.

ಅದಕ್ಕೇ ಹೊಟ್ಟೆ ಉರಿಯಿತು. ನನಗೆ ಒಬ್ಬಳಿಗೂ ಗತಿಯಿಲ್ಲ, ಈ ಸಣಕಲು ಕಡ್ಡಿಗೆ ಮೂವರು! ಅದೂ ಒಂದೊಂದು ಗುಡಿಸಲಲ್ಲಿ ಒಂದೊಂದು ಹಸುಗೂಸು. ತಲೆ ನೆರೆತ ಹನುಮಮ್ಮನ ಮಡಿಲಲ್ಲೂ ಕೂಸು ಕಂಡದ್ದು ನೆನಪಾಗಿ, 'ಈ ವಯಸ್ಸಿನಲ್ಲಿ!' ಎಂದು ಹಲ್ಲು ಕಡಿದ.

ಹೊಟ್ಟೆಕಿಚ್ಚಿನ ಮಾತು ಅತ್ತ ಇರಲಿ, ಕಾಯಿದೆಯ ಮಾತೂ ಇತ್ತು. ಗಂಡಸು ಇರುವ ಸಂಸಾರಕ್ಕೆ ಮಾತ್ರ ಗುಡಿಸಲು. ಒಂಟಿ ಹೆಂಗಸರಿಗೆ ಊರಾಚೆಯ ಹಳೆಯ ಗೋದಾಮು. ಹೋದ ತಿಂಗಳು ಆ ಗೋದಾಮಿನಿಂದ ಇಬ್ಬರು ಹುಡುಗಿಯರು ಕಾಣೆಯಾಗಿದ್ದರು. ಎಷ್ಟು ತಿರುಗಿದರೂ ಉಚ್ಚೆಂಗೆಪ್ಪನಿಗೆ ಅವರ ಸುಳಿವು ಸಿಕ್ಕಿರಲಿಲ್ಲ. ಹೆಂಗಸರನ್ನು ಹೀಗೆ ಊರೂರಿಗೆ ಗುಡ್ಡೆ ಹಾಕಿಕೊಳ್ಳುವ ಗಂಡಸು ಅಂಥ ವ್ಯವಹಾರದವನೇ ಇರಬೇಕೆಂದು ಅವನಿಗೆ ಖಾತ್ರಿಯಾಯಿತು.

ಬಲೆ ಹೆಣೆಯುವುದು ಕಷ್ಟವಾಗಲಿಲ್ಲ. ಬಳ್ಳಾರಿಯಲ್ಲಿ ಸೀರೆ ಹಂಚುತ್ತಾರೆಂದು ಸಿರುಗುಪ್ಪಕ್ಕೂ ಕುರುಗೋಡಿಗೂ ಹೇಳಿ ಕಳಿಸಿದ. ಹನುಮಮ್ಮ, ಹೊನ್ನೂರಮ್ಮ ಇಬ್ಬರೂ ಜೋಳದ ಗಾಡಿ ಹತ್ತಿ ಬಂದಿಳಿದರು. ಇತ್ತ ಎರ್ರಣ್ಣ, ಮೂಕಮ್ಮ ಇಬ್ಬರನ್ನೂ ಸಮಿತಿಯ ಪಡಸಾಲೆಗೆ ಕರೆಸಿದ. ಪೊಲೀಸ್ ದಫೇದಾರ ದುರುಗಣ್ಣ ಬಾಗಿಲಿಗೆ ಅಡ್ಡ ನಿಂತ. ಮೂವರು ಸವತಿಯರು ಒಬ್ಬರ ತುರುಬು ಒಬ್ಬರು ಹಿಡಿಯುವುದನ್ನು ನೋಡಲು ಉಚ್ಚೆಂಗೆಪ್ಪ ಕುರ್ಚಿಯನ್ನು ಸ್ವಲ್ಪ ಮುಂದಕ್ಕೇ ಎಳೆದುಕೊಂಡ.

ಹನುಮಮ್ಮ ಒಳಗೆ ಬಂದಳು. ಗಂಡನನ್ನು ನೋಡಿದಳು. ಪಕ್ಕದ ಮೂಕಮ್ಮನನ್ನು ನೋಡಿದಳು.

"ತುಸು ಸರಿಯವ್ವ," ಎಂದು ಜಾಗ ಮಾಡಿಕೊಂಡು ಕೂತಳು. ಹೊನ್ನೂರಮ್ಮನೂ ಬಂದು ಒತ್ತಿಕೊಂಡು ಕೂತಳು.

ಉಚ್ಚೆಂಗೆಪ್ಪನಿಗೆ ನಿರಾಸೆಯಾಯಿತು. "ಇವ ಯಾರ ಗಂಡ?"

"ನನ್ನ ಗಂಡರಿ," ಎಂದರು ಮೂವರೂ.

"ನಾಚಿಕಿ ಆಗಂಗಿಲ್ಲೇನು?"

"ಯಾಕ್ರಿ ನಾಚಿಕಿ?" ಎಂದಳು ಹೊನ್ನೂರಮ್ಮ. "ಕುಡಿಯಂಗಿಲ್ಲ, ಹೊಡಿಯಂಗಿಲ್ಲ. ರೊಟ್ಟಿ ಬಡೀತಾನ, ಜ್ವರ ಬಂದ್ರ ತಲಿ ಒತ್ತತಾನ. ಇಂಥ ಗಂಡ ಸಿಗಾಕ ಪುಣ್ಯ ಮಾಡಿರಬೇಕ್ರಿ. ಹಂಚಿಕೊಂಡ್ರ ತಪ್ಪೇನು?"

ದಫೇದಾರ ನಗು ತಡೆಯಲು ಕೆಮ್ಮಿದ.

"ಖರೇ ಹೇಳ್ರಿ. ತಾಳಿ ಕಟ್ಟಿದ್ದು ಯಾರಿಗೆ?"

ಹನುಮಮ್ಮ ತಲೆ ಎತ್ತಿದಳು. "ಖರೇ ಅಂದ್ರ ಯಾರಿಗೂ ಇಲ್ಲರಿ. ನಮ್ಮ ಗಂಡಂದಿರು ಹೊಳಿಯಾಚೆ ಉಳಿದ್ರು. ಗಂಡಸಿಲ್ಲದಾಕಿ ಗೋದಾಮಿಗೆ ಹೋಗ್ಬೇಕು ಅಂದ್ರಿ ನೀವು. ಅಲ್ಲಿ ಏನ್ ನಡೀತೈತಿ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಇವ ಒಬ್ಬ ಹೂಂ ಅಂದ. ನೀವು ಎಣಿಸಾಕ ಬರೋ ಊರಿಗೆ ಒಂದಿನ ಮುಂಚೆ ಬಂದು ಕುಂಡ್ರತಾನ, ಅಷ್ಟ."

ಉಚ್ಚೆಂಗೆಪ್ಪ ಕುರ್ಚಿಯಲ್ಲೇ ಮಿಸುಕಿದ. ಆ ಇಬ್ಬರು ಹುಡುಗಿಯರ ಮುಖ ಕಣ್ಣ ಮುಂದೆ ಬಂತು. ಆದರೆ ಪುಕ್ಕಟೆ ಉಪಕಾರ ಮಾಡುವ ಗಂಡಸನ್ನು ಅವನು ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

"ಇವನಿಗೇನು ಲಾಭ? ನಾನು ನಂಬಂಗಿಲ್ಲ. ದಫೇದಾರ್ರೆ, ಎಳಕೊಂಡು ಹೋಗ್ರಿ. ಲಾಕಪ್ಪಿನಾಗ ಅಂಗಿ ಬಿಚ್ಚಿಸಿ ನಾಲ್ಕು ಬಿಟ್ರ ತಾನ ಬಾಯಿ ಬಿಡ್ತಾನ."

ಎರ್ರಣ್ಣನ ಮುಖ ಬಿಳಚಿತು. ದುರುಗಣ್ಣ ಅವನ ರಟ್ಟೆಗೆ ಕೈ ಹಾಕಿದ. ಅಷ್ಟರಲ್ಲಿ ಮೂಕಮ್ಮನ ಮಡಿಲಲ್ಲಿದ್ದ ಕೂಸು ಎಚ್ಚೆತ್ತು ಚೀರತೊಡಗಿತು. ಮೂಕಮ್ಮ ತಟ್ಟಿದಳು. ಹೊನ್ನೂರಮ್ಮ ಇಸಿದುಕೊಂಡು ತೂಗಿದಳು. ಹನುಮಮ್ಮ ಹೆಗಲಿಗೆ ಹಾಕಿಕೊಂಡಳು. ಚೀರಾಟ ಸೂರು ಮುಟ್ಟಿತು.

"ಉಳಿದ ಎರಡು ಕೂಸು ಎಲ್ಲಿ?" ಉಚ್ಚೆಂಗೆಪ್ಪನಿಗೆ ತಟ್ಟನೆ ಹೊಳೆಯಿತು.

ಹನುಮಮ್ಮ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಅಯ್ಯ, ಹಸದೈತಿ ಅದು!" ದುರುಗಣ್ಣ ರೇಗಿದ. "ಹಡದಾಕಿ ಯಾರಬೇ? ಮೊದಲು ಹಾಲು ಕುಡಸ್ರಿ!"

ಮೂವರು ಹೆಂಡಂದಿರೂ ಗಂಡನ ಮುಖ ನೋಡಿದರು.

ಎರ್ರಣ್ಣ ನಿಟ್ಟುಸಿರು ಬಿಟ್ಟ. "ತುಸು ಆ ಕಡಿ ತಿರುಗ್ರಿ, ಅಣ್ಣಾರ."

ಉಚ್ಚೆಂಗೆಪ್ಪ ತಿರುಗಲಿಲ್ಲ. ಓಡಿಹೋಗುವ ಹಂಚಿಕೆ ಇದ್ದೀತೆಂದು ರೆಪ್ಪೆ ಬಡಿಯದೆ ನೋಡುತ್ತ ಕೂತ.

ಎರ್ರಣ್ಣ ಕೂಸನ್ನು ಎತ್ತಿಕೊಂಡ, ಗೋಡೆಗೆ ಮುಖ ಮಾಡಿ ಕೂತ, ಅಂಗಿಯ ಗುಂಡಿ ಬಿಚ್ಚಿದ, ಮೊಲೆಯೂಡಿಸಿದಳು.