ಬಣ್ಣಕ್ಕೆ ತಿರುಗದ ನೀರು

ಇಪ್ಪತ್ತೆರಡು ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬೇಸಿನ್ನಿಗೆ ಕೈ ಅದ್ದಿ ತೆಗೆದರು. ನೀರು ನೀರಾಗಿಯೇ ಉಳಿಯಿತು.

ಅನುಸೂಯ ಕನ್ನಡಕ ಸರಿಪಡಿಸಿಕೊಂಡು ಮತ್ತೆ ನೋಡಿದಳು. ಹೊಸದುರ್ಗದ ಆ ಕಾಲೇಜಿನಲ್ಲಿ ಹನ್ನೊಂದು ವರ್ಷ ಕೆಮಿಸ್ಟ್ರಿ ಕಲಿಸಿದವಳು. ಉಪಾಯ ತಪ್ಪಿರಲಾರದು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಕ್ಕಳಿಗೆ ಸಿಗುವುದು ನಂಬರು ಬರೆದ ಬಿಳಿ ಪುಡಿಯ ಪೊಟ್ಟಣ. ಕಾಯಿಸಿ, ಆಸಿಡ್ ಹಾಕಿ, ವಾಸನೆ ನೋಡಿ ಅದು ಯಾವ ಲವಣವೆಂದು ಹೇಳಬೇಕು. ಯಾವ ನಂಬರಿಗೆ ಯಾವ ಲವಣ ಎಂಬ ಪಟ್ಟಿ ಬೀರುವಿನಲ್ಲಿರುತ್ತದೆ. ಕಳೆದೆರಡು ಪರೀಕ್ಷೆಗಳಲ್ಲೂ ಅದರ ಮೇಲೆ ಯಾರೋ ಕೈಯಾಡಿಸಿದ ಗುರುತಿತ್ತು. ಬೀರುವಿನ ಕೀ ಅಟೆಂಡರ್ ಓಬಣ್ಣನ ವಶ. ಅವನ ಹೆಸರನ್ನು ಪ್ರಿನ್ಸಿಪಾಲ್ ಪಾಪಣ್ಣನವರ ಕಿವಿಗೆ ಹಾಕಿದವಳೂ ಅನುಸೂಯಳೇ. ಆಮೇಲೆ ಎರಡು ರಾತ್ರಿ ಅವಳಿಗೆ ನಿದ್ದೆ ಹತ್ತಿರಲಿಲ್ಲ.

ಅದಕ್ಕೇ ನಿನ್ನೆ ಸಂಜೆ ಕೈಗವಸು ತೊಟ್ಟು ಪಟ್ಟಿಗೆ ಫಿನಾಲ್ಫ್ಥಲೀನ್ ಸವರಿದ್ದಳು. ಲೋಕಾಯುಕ್ತದವರು ಲಂಚದ ನೋಟಿಗೆ ಸವರುವ ಪುಡಿ. ಕೈಗೆ ಅಂಟಿದರೆ ಕಾಣುವುದಿಲ್ಲ. ಬೇಸಿನ್ನಿನಲ್ಲಿದ್ದಂಥ ವಾಷಿಂಗ್ ಸೋಡಾದ ನೀರು ತಾಗಿದರೆ ಗುಲಾಬಿ.

ಬೆಳಿಗ್ಗೆ ನೋಡಿದರೆ ಪಟ್ಟಿಯ ಮಡಿಕೆ ತಿರುವುಮುರುವಾಗಿತ್ತು.

ಮೊದಲು ಕೈ ಅದ್ದಿದವಳು ಸ್ವಾತಿ, ತರಗತಿಗೇ ಮೊದಲಿಗಳು. ಬಾಗೂರಿನ ಮೊದಲ ಬಸ್ಸಿಗೆ ಬಂದು, ಅನುಸೂಯ ಕಾಲಿಡುವ ಹೊತ್ತಿಗಾಗಲೇ ಲ್ಯಾಬಿನಲ್ಲಿದ್ದಳು. ಓಡಿಬಂದು ಎರಡೂ ಕಾಲು ಮುಟ್ಟಿ ನಮಸ್ಕರಿಸಿ, ಆಮೇಲೆ ಸೋಪಿನ ಪುಡಿ ಹಾಕಿ ಟೆಸ್ಟ್ ಟ್ಯೂಬುಗಳನ್ನೆಲ್ಲ ಉಜ್ಜಿಟ್ಟಿದ್ದಳು. ಅಂಥವಳ ಕೈಯನ್ನೂ ಪರೀಕ್ಷಿಸಬೇಕಾಯಿತಲ್ಲ ಎಂದು ಅನುಸೂಯಳಿಗೆ ನಾಚಿಕೆಯಾಗಿತ್ತು.

"ನೀವೂ ಕೈ ಹಾಕ್ರಿ, ಓಬಣ್ಣ."

"ಹಾಕ್ತೀನಿ ಮೇಡಂ. ಇಪ್ಪತ್ತು ವರ್ಷ ಆಸಿಡ್ ಬಾಟ್ಲಿ ತೊಳ್ದಿರೋ ಕೈ, ಸೋಡಾ ಏನ್ ಮಾಡ್ತೈತೆ?"

"ಹಂಗೇ ಮುಖಾನೂ ತೊಳ್ಕಳಣ್ಣ," ಎಂದ ಹಿಂದಿನ ಸಾಲಿನ ಅಂಜನ್. ಎಲ್ಲರೂ ನಕ್ಕರು.

ನೀರು ಬಣ್ಣಕ್ಕೆ ತಿರುಗಲಿಲ್ಲ.

"ತಿಳಿದವನು, ಕೈ ತೊಳ್ಕಂಡೇ ಬಂದಿರ್ತಾನೆ," ಎಂದರು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪಾಪಣ್ಣ. "ಕೀ ಯಾರ ಹತ್ರ ಐತೆ?"

"ಆ ಮೊಳೆಗೆ ನೇತಾಕಿರ್ತೀನಿ ಸಾರ್. ಯಾರ್ ಬೇಕಾದ್ರೂ…"

"ನಿನ್ ಕೀ, ನಿನ್ ಹೊಣೆ. ನೀನೇನು ಪರ್ಮನೆಂಟಾ? ನಾಳೆಯಿಂದ ಬರಬೇಡಪ್ಪ."

ನಗು ನಿಂತಿತು. ಅನುಸೂಯ ಪಾಪಣ್ಣನವರತ್ತ ಒಂದು ಹೆಜ್ಜೆಯಿಟ್ಟಳು.

ಓಬಣ್ಣ ಅಭ್ಯಾಸಬಲದಿಂದ ಬೇಸಿನ್ನು ಎತ್ತಿದ, ಸಿಂಕಿಗೆ ಚೆಲ್ಲಲು. ತಿರುಗುವಾಗ ಅಂಚು ಅವಳಿಗೆ ತಾಗಿತು. ನೀರು ತುಳುಕಿ ಅನುಸೂಯಳ ಕಾಲ ಮೇಲೆ ಬಿತ್ತು.

"ತಪ್ಪಾತು ಮೇಡಂ," ಎಂದು ಒರೆಸಲು ಬಾಗಿದವನು ಬಾಗಿದಂತೆಯೇ ನಿಂತ.

ಅನುಸೂಯ ಕೆಳಗೆ ನೋಡಿದಳು. ಎರಡೂ ಪಾದಗಳ ಮೇಲೆ, ಬೆರಳು ಬೆರಳಾಗಿ, ಬೆಳಗಿನ ನಮಸ್ಕಾರ ಗುಲಾಬಿ ಬಣ್ಣದಲ್ಲಿ ಮೂಡಿತ್ತು.