ನುಂಗಿಹೋದ ಅಕ್ಷರ

“ಸಾಕ್ಷಿ ಕೂತ್ಕೋಬಹುದು,” ಎಂದು ಮೊಮ್ಮಗಳು ಊಟದ ಮೇಜಿನ ಆಚೆಯ ಕುರ್ಚಿ ತೋರಿಸಿದಳು. ಅಜ್ಜಿ ಬಟಾಣಿಕಾಯಿಯ ಬುಟ್ಟಿಯ ಸಮೇತ ಬಂದು ಕೂತಳು. ಬೆಳಗಾದರೆ ಪರೀಕ್ಷೆ. ಅಪರಾಧಶಾಸ್ತ್ರ, ಸಂಸ್ಕೃತಿ ಅಧ್ಯಯನ ಎರಡನ್ನೂ ಒಂದೇ ಪದವಿಗೆ ಓದುತ್ತಿದ್ದ ಹುಡುಗಿ, ಪರೀಕ್ಷಕರ ಎದುರು ಒಬ್ಬ ಸಾಕ್ಷಿಯನ್ನು ವಿಚಾರಿಸಿ ತೋರಿಸಬೇಕಿತ್ತು. ಅಭ್ಯಾಸಕ್ಕೆ ಸಿಕ್ಕವಳು ಅಜ್ಜಿ.

“ಎರಡು ದೋಣಿ ಮೇಲೆ ಕಾಲಿಟ್ಟಿದ್ದೀಯ,” ಎಂದು ಅಂಗಿ ಇಸ್ತ್ರಿ ಮಾಡುತ್ತಿದ್ದ ಅಪ್ಪ ನಕ್ಕ. “ನಾಳೆ ಕಳ್ಳ ಸಿಕ್ಕಿದ್ರೆ ಬೇಡಿ ಹಾಕ್ತೀಯೋ, ಹಾಡು ಹೇಳಿಸ್ತೀಯೋ?”

“ಮೊದಲು ಹಾಡು, ಆಮೇಲೆ ಬೇಡಿ. ನೀನು ಸುಮ್ನಿರಪ್ಪ, ಕಾಲರ್ ಸುಟ್ಟೀಯ.” ಅವಳು ಗಂಟಲು ಸರಿಮಾಡಿಕೊಂಡು ಅಜ್ಜಿಯ ಕಡೆ ತಿರುಗಿದಳು. “ಯಾವುದಾದ್ರೂ ಒಂದು ಬೆಳಗಿನ ವಿಷಯ ಹೇಳಿ. ಬೆಕ್ಕು ಹಾಲು ಚೆಲ್ಲಿದ್ದಾದ್ರೂ ಸರಿ, ನೀವು ಕಂಡಿದ್ದಾಗಿರಬೇಕು.”

“ಇದೇನೇ, ನನಗೆ ‘ನೀವು’ ಅಂತೀಯ?”

“ಸಾಕ್ಷಿಗೆ ಮರ್ಯಾದೆ ಕೊಡ್ಬೇಕಜ್ಜಿ.”

ಅಜ್ಜಿ ಒಂದು ಕಾಯಿ ಸುಲಿದಳು. “ನನ್ನ ಹತ್ರ ಇರೋದು ಒಂದೇ ಬೆಳಗು, ಪುಟ್ಟಿ. ಅದನ್ನೇ ಕೇಳು.”

ಇಸ್ತ್ರಿಪೆಟ್ಟಿಗೆ ನಿಂತಿತು. ಅದು ಯಾವ ಬೆಳಗೆಂದು ಮೂವರಿಗೂ ಗೊತ್ತಿತ್ತು. ಅಜ್ಜ ಹಾಸಿಗೆ ಹಿಡಿದಿದ್ದ. ಅಜ್ಜಿ ಪಕ್ಕದ ಕೋಣೆಯಲ್ಲಿ ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದಾಗ ಅವನು ಕರೆದನಂತೆ. ಅವಳು ಏಳಲಿಲ್ಲ. ಪ್ರಾರ್ಥನೆ ಮುಗಿಸಿ ಹೋಗುವಷ್ಟರಲ್ಲಿ ಅವನು ಇರಲಿಲ್ಲ. ಅಂದಿನಿಂದ ದೇವರ ಕೋಣೆಯ ಬಾಗಿಲನ್ನು ಅವಳು ತೆರೆದಿರಲಿಲ್ಲ. ಜ್ವರ ಬಂದರೂ ಪ್ರಾರ್ಥನೆ ತಪ್ಪಿಸದಿದ್ದ ಹೆಂಗಸು, “ಯಾವ ಮುಖ ಇಟ್ಕೊಂಡು ಕೂರಲಿ?” ಎಂದು ದೇವರನ್ನೇ ಬಿಟ್ಟುಬಿಟ್ಟಿದ್ದಳು. ಸಮಾಧಾನ ಹೇಳಿ ಹೇಳಿ ಮಗನ ನಾಲಗೆ ಸವೆದಿತ್ತು.

“ಬೇಡಮ್ಮ,” ಎಂದ ಮಗ.

“ಇರ್ಲಿ ಬಿಡೋ. ಅವಳಿಗೆ ಪರೀಕ್ಷೆ.”

ಮೊಮ್ಮಗಳ ದನಿ ತಗ್ಗಿತು. “ಕಿವಿಗೆ ಬಿದ್ದಷ್ಟೇ ಹೇಳಿ. ಅಜ್ಜ ಏನಂದ್ರು?”

“‘ಬರ್ತೀಯಾ’ ಅಂದ್ರು.”

“ಪೂರ್ತಿ ಕೇಳಿಸ್ತಾ?”

“ಕಾಯಿಲೆಯವರ ಮಾತು ಪೂರ್ತಿ ಎಲ್ಲಿ ಬರತ್ತೆ? ‘ಬರ್ತೀ’ ಅಂತ ಬಂತು. ಕೊನೇ ಅಕ್ಷರ ನುಂಗಿಹೋಯ್ತು.”

“ಹಾಗಾದ್ರೆ ಆ ‘ಯಾ’ ಎಲ್ಲಿಂದ ಬಂತು?”

ಅಜ್ಜಿ ಯೋಚಿಸಿದಳು. “ಏನೋ ‘ಬರ್ತೀ’ ಅಂದ ಹಾಗಾಯ್ತು ಅಂತ ನನ್ನ ತಂಗಿ ಹತ್ರ ಹೇಳಿದೆ. ಅವಳು, ‘ಅಯ್ಯೋ, ಬರ್ತೀಯಾ ಅಂತ ನಿನ್ನನ್ನ ಕರೆದಿದ್ದಾರೆ ಕಣಕ್ಕಾ’ ಅಂತ ಅತ್ತಳು.”

ಮೊಮ್ಮಗಳು ನೆಟ್ಟಗೆ ಕೂತಳು. ಒಬ್ಬರ ನೆನಪಿನೊಳಕ್ಕೆ ಇನ್ನೊಬ್ಬರ ಮಾತು ಕಳ್ಳಹೆಜ್ಜೆಯಲ್ಲಿ ನುಗ್ಗಿ ಮನೆಮಾಡಿಕೊಳ್ಳುತ್ತದೆಂದು ಮೇಷ್ಟ್ರು ಪಾಠದಲ್ಲಿ ಹೇಳಿದ್ದರು. ಅಂಥ ಕಡೆ ಸಾಕ್ಷಿ ಕೇಳಿಸಿಕೊಂಡದ್ದನ್ನು ಬಿಟ್ಟು, ಸಾಕ್ಷಿ ತಾನೇ ಆಡಿದ್ದನ್ನು ಹಿಡಿಯಬೇಕು.

“ಅಜ್ಜನ ಮಾತಿಗೆ ನೀವು ಏನಂದ್ರಿ?”

“ನಾನೇನನ್ಲಿ? ಕಣ್ಣೂ ಬಿಡಲಿಲ್ಲ, ಪಾಪಿ.”

“ಬಿಡಬೇಡಿ. ಈಗಲೂ ಮುಚ್ಕೊಳ್ಳಿ. ದೇವರ ಮುಂದೆ ಕೂತಿದ್ದೀರಿ. ಆ ಕಡೆಯಿಂದ ಅಜ್ಜನ ದನಿ ಬಂತು, ‘ಬರ್ತೀ...’ ಅಂತ. ನೀವು?”

ಅಜ್ಜಿ ಕಣ್ಣು ಮುಚ್ಚಿದಳು. ಬೆರಳ ನಡುವೆ ಬಟಾಣಿಕಾಯಿ ಅರ್ಧ ಬಿರಿದು ನಿಂತಿತು. ತುಟಿ ತಾನಾಗಿ ಅಲುಗಿತು.

“ಹೂಂ, ಹೋಗ್ಬನ್ನಿ.”

ಅವಳು ತಟ್ಟನೆ ಕಣ್ಣು ಬಿಟ್ಟಳು.

“ಅಜ್ಜಿ,” ಮೊಮ್ಮಗಳು ‘ನೀವು’ ಮರೆತಿದ್ದಳು, “‘ಬರ್ತೀಯಾ’ ಅಂತ ಕರೆದವರಿಗೆ ನೀನು ‘ಹೋಗ್ಬನ್ನಿ’ ಅಂತೀಯಾ? ಹೊರಟವರಿಗೆ ತಾನೆ ಹಾಗನ್ನೋದು? ಹೋಗೋರು ನಮ್ಮಲ್ಲಿ ‘ಹೋಗ್ತೀನಿ’ ಅನ್ನಲ್ಲ.”

ಅಪ್ಪ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಹತ್ತಿರ ಬಂದ. “ಅಮ್ಮಾ, ಅಪ್ಪ ಬೆಳಗಿನ ಮೊದಲನೇ ಬಸ್ಸು ಓಡಿಸ್ತಿದ್ದಾಗ ನೀನು ದೇವರ ಮುಂದೆ ಕೂತಿರ್ತಿದ್ದೆ. ಅವರು ಊಟದ ಡಬ್ಬಿ ತಗೊಂಡು ಬಾಗಿಲಲ್ಲಿ ನಿಂತು ‘ಬರ್ತೀನಿ ಕಣೇ’ ಅನ್ನೋರು. ನೀನು ಕಣ್ಣು ಬಿಡದೆ ‘ಹೂಂ, ಹೋಗ್ಬನ್ನಿ’ ಅನ್ನೋಳು. ನಾನು ಹೊದಿಕೆ ಒಳಗಿಂದ ದಿನಾ ಕೇಳ್ತಿದ್ದೆ.”

“‘ಬರ್ತೀನಿ’ ಅಂದ್ರಾ?” ಅಜ್ಜಿ ಇಬ್ಬರ ಮುಖವನ್ನೂ ನೋಡಿದಳು. “ಹಾಗಾದ್ರೆ ಕರೆದಿದ್ದಲ್ಲ. ಹೇಳಿ ಹೋಗಿದ್ದು.”

“ನೀನು ಕಳಿಸಿಕೊಟ್ಟಿದ್ದು,” ಎಂದಳು ಮೊಮ್ಮಗಳು.

ಅಜ್ಜಿ ಅತ್ತಳು. ಅಳುತ್ತಲೇ ಬಟಾಣಿ ಸುಲಿಯತೊಡಗಿದಳು. ಕಾಳುಗಳು ಮೇಜಿನಿಂದುರುಳಿ ನೆಲದ ಮೇಲೆಲ್ಲ ಓಡಿದವು, ಹಿಡಿಯಲು ಯಾರೂ ಬಗ್ಗಲಿಲ್ಲ. ಆಮೇಲೆ ಮೂಗೊರೆಸಿಕೊಂಡು ಮಗನಿಗೆ ಹೇಳಿದಳು: “ನನ್ನ ತಂಗಿಗೆ ಫೋನ್ ಹಚ್ಚೋ. ಅವಳ ‘ಯಾ’ ಅವಳಿಗೇ ವಾಪಸ್ ಕೊಡ್ಬೇಕು.”

ಬೆಳಿಗ್ಗೆ ಮೊಮ್ಮಗಳು ಪರೀಕ್ಷೆಗೆ ಹೊರಟಾಗ ದೇವರ ಕೋಣೆಯ ಬಾಗಿಲು ತೆರೆದಿತ್ತು. ಅಜ್ಜಿ ಈ ಕಡೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಕೂತಿದ್ದಳು.

“ಬರ್ತೀನಿ ಅಜ್ಜಿ,” ಎಂದು ಹುಡುಗಿ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಮೆಟ್ಟಿದಳು.

“ಒಂದು ನಿಮಿಷ ತಾಳಪ್ಪ, ಬಂದೆ,” ಎಂದು ದೇವರಿಗೆ ಹೇಳಿ, ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು. ಬಾಗಿಲವರೆಗೂ ಬಂದು, ಮೊಮ್ಮಗಳ ಮುಖವನ್ನು ಕಣ್ತುಂಬ ನೋಡಿ, “ಹೂಂ, ಹೋಗ್ಬಾ,” ಎಂದಳು.