ಮೂರು ಕೂಗು

“ಹಸಿದೋರು ಯಾರಾದ್ರೂ ಇದ್ದೀರಾ...?”

ಓಂಕಾರಜ್ಜ ಕೂಗಿದ್ದು ಕಿಟಕಿಯ ಕಡೆಗೆ. ಕಿಟಕಿಯಾಚೆ ಕಡೂರಿನ ಬಿಸಿಲು, ಆಸ್ಪತ್ರೆಯ ಕಾಂಪೌಂಡ್ ಗೋಡೆ, ಗೋಡೆಯ ಮೇಲೆ ಒಣಹಾಕಿದ ಹಸಿರು ದುಪ್ಪಟಿ. ನರಪಿಳ್ಳೆಯೂ ಇರಲಿಲ್ಲ. ಆಗಷ್ಟೇ ಗಂಜಿತಿಳಿಯ ಲೋಟವನ್ನು ಅವನ ಕೈಗಿಟ್ಟ ನರ್ಸ್ ಭವ್ಯ ಬೆಚ್ಚಿ ಅವನ ಹಣೆ ಮುಟ್ಟಿ ನೋಡಿದಳು. ಕರುಳಿನ ಆಪರೇಷನ್ ಆಗಿ ಐದು ದಿನ. ಬಾಯಿಗೆ ಹನಿ ನೀರು ಬೀಳದೆ ಅಜ್ಜನಿಗೆ ಭ್ರಮೆ ಹಿಡಿಯಿತೇ?

“ಗಾಬರಿ ಬೀಳ್ಬೇಡ ಕಣಮ್ಮ,” ಎಂದ ಅಜ್ಜ. “ಮಠದ ದಾಸೋಹದಲ್ಲಿ ನಲವತ್ತು ವರ್ಷ ಅಡುಗೆ ಮಾಡಿದೋನು ನಾನು. ಅಡುಗೆಯೋನು ಕಡೇಲಿ ಉಣ್ಬೇಕು. ಉಣ್ಣೋಕೆ ಮುಂಚೆ ಬಾಗ್ಲಿಗೆ ಬಂದು ಮೂರು ಸಲ ಕೂಗ್ಬೇಕು. ಯಾರೂ ಓಗೊಡ್ಲಿಲ್ಲ ಅಂದ್ರೆ ಆಮೇಲೆ ನನ್ನ ಎಲೆ. ಇನ್ನೆರಡು ಕೂಗು ಬಾಕಿ ಐತೆ, ತಡಿ.”

ಭವ್ಯ ಗಡಿಯಾರ ನೋಡಿದಳು. ಎರಡೂವರೆ. ಬೆಳಿಗ್ಗೆ ಅಜ್ಜನಿಗೆ ಹೊಟ್ಟೆಯ ಗಾಳಿ ಸರಿದ, ಕರುಳು ಕದಲಿದ ಸುದ್ದಿ ಕೇಳಿ ಡಾಕ್ಟರು ಗಂಜಿತಿಳಿಗೆ ಅಪ್ಪಣೆ ಕೊಟ್ಟಿದ್ದರು. “ಗುಟುಕು ಗುಟುಕಾಗಿ ಕುಡಿಸಿ. ನಾಲ್ಕಕ್ಕೆ ಬಂದು ನೋಡ್ತೀನಿ. ದಕ್ಕಿದ್ರೆ ಸರಿ, ಇಲ್ಲದಿದ್ರೆ ಶಿವಮೊಗ್ಗಕ್ಕೆ ಕಳಿಸಿ ಹೊಟ್ಟೆ ಇನ್ನೊಮ್ಮೆ ಬಿಚ್ಚಿಸಬೇಕಾಗುತ್ತೆ.” ಎಪ್ಪತ್ತೆರಡರ ಆ ಮೈ ಇನ್ನೊಂದು ಕೊಯ್ತವನ್ನು ತಾಳುವಂತಿರಲಿಲ್ಲ. ಜೊತೆಯ ನರ್ಸ್ ಹೆರಿಗೆ ಕೇಸಿನೊಂದಿಗೆ ಚಿಕ್ಕಮಗಳೂರಿಗೆ ಆಂಬುಲೆನ್ಸ್ ಹತ್ತಿದ್ದಳು; ಬೆಳಗಿನಿಂದ ವಾರ್ಡಿಗೆಲ್ಲ ಭವ್ಯ ಒಬ್ಬಳೇ. ಸಖರಾಯಪಟ್ಟಣದ ಬಸ್ಸಿಳಿದು ಬಂದಾಗ ಮೇಜಿನ ಮೇಲಿಟ್ಟ ಅವಳ ಊಟದ ಡಬ್ಬಿ ಇಟ್ಟ ಹಾಗೇ ಇತ್ತು.

ಕರೆಂಟು ಹೋಗಿ ಫ್ಯಾನು ನಿಂತಿದ್ದ ಆ ಸದ್ದಿಲ್ಲದ ವಾರ್ಡಿನಲ್ಲಿ ಎರಡನೆಯ ಕೂಗು ಎದ್ದಿತು. ಪುರಾಣ ಓದುವವರ ಹಾಗೆ ಕೊನೆಯ ಅಕ್ಷರವನ್ನು ಎಳೆದು, ತೂಗಿ, ಮೆಲ್ಲಗೆ ಇಳಿಸುವ ಧಾಟಿ. ಆಮೇಲೆ ಮೂರನೆಯದು.

“ನಾನಿದೀನಿ ಕಣಜ್ಜಯ್ಯ!”

ಪಕ್ಕದ ಮಂಚದ ಬೀರಪ್ಪ. ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಕಾಯುವವನು. ಕರುಳು ಸುತ್ತಿಕೊಂಡು ಮೊನ್ನೆಯಷ್ಟೇ ಆಪರೇಷನ್ ಆಗಿತ್ತು. ಮೂಗಿನಲ್ಲಿ ಇನ್ನೂ ಪೈಪು ಇತ್ತು.

ಅಜ್ಜ ಲೋಟವನ್ನು ಸ್ಟೂಲಿನ ಮೇಲೆ ಇಟ್ಟುಬಿಟ್ಟ. “ಮೊದ್ಲು ಅವನಿಗೆ ಕೊಡಮ್ಮ.”

“ಅವರಿಗೆ ಒಂದು ಹನೀನೂ ಕೊಡೋ ಹಾಗಿಲ್ಲ ಅಜ್ಜ!”

“ಹಂಗಾದ್ರೆ ನಂಗೂ ಇಲ್ಲ.”

“ಅಯ್ಯೋ, ತಮಾಷೆಗಂದೆ ಕಣಜ್ಜಯ್ಯ, ಕುಡೀರಿ,” ಬೀರಪ್ಪ ಕಂಗಾಲಾದ. “ನನ್ನ ಬಾಯಿಗಿಷ್ಟು ಬೆಂಕಿ ಹಾಕ!”

“ಆ ಕೂಗಿಗೆ ಯಾರೂ ತಮಾಷೆಗೆ ಓಗೊಡಲ್ಲ ಕಣೋ,” ಅಜ್ಜನ ದನಿಯಲ್ಲಿ ಸಿಟ್ಟಿರಲಿಲ್ಲ. “ಎರಡು ದಿನದಿಂದ ಗೋಡೆ ಮೇಲಿನ ಪಟದಾಗಿರೋ ಬಾಳೆಹಣ್ಣನ್ನೇ ದುರುಗುಟ್ಟಿ ನೋಡ್ತಾ ಮಲಗಿದೀಯಲ್ಲ, ನಂಗೆ ಕಾಣಲ್ವಾ?”

ಬೀರಪ್ಪ ಆ ಕಡೆಗೆ ಮುಖ ತಿರುಗಿಸಿಕೊಂಡ.

ಭವ್ಯ ಗದರಿದಳು, ಬೇಡಿಕೊಂಡಳು. ಅಜ್ಜ ಜಗ್ಗಲಿಲ್ಲ. ಕೊನೆಗೆ ಕೊರಳಿನ ಸ್ಟೆತಾಸ್ಕೋಪನ್ನು ತೆಗೆದು ಅವನ ಕಿವಿಗಳಿಗೆ ಸಿಕ್ಕಿಸಿ, ಬಿಲ್ಲೆಯನ್ನು ಅವನದೇ ಹೊಟ್ಟೆಯ ಮೇಲೆ, ಬ್ಯಾಂಡೇಜಿನ ಪಕ್ಕ ಇಟ್ಟಳು. “ಏನು ಕೇಳುತ್ತೆ?”

ಅಜ್ಜ ಕಣ್ಣು ಮುಚ್ಚಿದ. ಮುಖ ಮೆಲ್ಲಗೆ ಅರಳಿತು. “ಎಸರು ಕಣಮ್ಮ. ದೊಡ್ಡ ಹಂಡೇಲಿ ಅನ್ನದ ಎಸರು ಕುದಿಯೋಕೆ ಶುರುವಾದಂಗೆ... ಗುಳುಗುಳು ಅಂತೈತೆ.”

ಅವಳು ಅವನ ರಟ್ಟೆ ಹಿಡಿದು ಎರಡು ಹೆಜ್ಜೆ ನಡೆಸಿ, ಬೀರಪ್ಪನ ಮಂಚದ ಅಂಚಿಗೆ ಕೂರಿಸಿದಳು. ಬಿಲ್ಲೆ ಬೀರಪ್ಪನ ಹೊಟ್ಟೆಗೆ ಬಂತು. ಅಜ್ಜ ತುಂಬ ಹೊತ್ತು ಆಲಿಸಿದ. ಜಾಗ ಬದಲಿಸಿ ಇನ್ನೊಮ್ಮೆ ಆಲಿಸಿದ.

“ಏನೂ ಇಲ್ಲ. ಇನ್ನೂ ಒಲೇನೇ ಹಚ್ಚಿಲ್ಲ.”

“ಹಸಿದಿರೋದು ಇವರ ಬಾಯಿ ಅಜ್ಜ. ಹೊಟ್ಟೆ ಇನ್ನೂ ನಿದ್ದೆ ಮಾಡ್ತಾ ಇದೆ. ಮಠದಲ್ಲಿ ನಿದ್ದೆ ಮಾಡೋರನ್ನ ಎಬ್ಬಿಸಿ ಬಡಿಸ್ತಿದ್ರಾ?”

“ಇಲ್ಲಮ್ಮ. ಅವರ ಪಾಲು ತೆಗೆದಿಟ್ಟು ನಾವು ಉಣ್ತಿದ್ವಿ.”

“ಸಿಸ್ಟರ್ ಹೇಳೋದು ದಿಟ ಕಣಜ್ಜಯ್ಯ,” ಎಂದ ಬೀರಪ್ಪ. “ದನಾನೂ ಹಂಗೇ. ಪಕ್ಕೆಗೆ ಕಿವಿಯಿಟ್ಟು, ಒಳಗೆ ಸದ್ದಿಲ್ಲ ಅಂದ್ರೆ ನಾವೂ ಹುಲ್ಲು ಹಾಕಲ್ಲ. ನನ್ನ ಹೊಟ್ಟೆ ಎದ್ದ ದಿನ ನೀವೇ ಕುಡಿಸೀರಂತೆ.”

“ಮೊದಲ್ನೇ ಗುಟುಕು ನನ್ನ ಕೈಯಿಂದ. ಮಾತು?”

“ಮಾತು.”

ಗಂಟೆ ಮೂರು ದಾಟಿತ್ತು. ಭವ್ಯ ಲೋಟ ತಂದು ಅಜ್ಜನ ಕೈಗೆ ಕೊಟ್ಟಳು. ಅವನು ಕಣ್ಣಿಗೊತ್ತಿಕೊಂಡು ತುಟಿಯವರೆಗೆ ತಂದ.

ಆಗ ಕೇಳಿಸಿತು. ಗುರ್‌ರ್‌ರ್ ಎಂದು, ಯಾವ ಸ್ಟೆತಾಸ್ಕೋಪಿನ ಹಂಗೂ ಇಲ್ಲದೆ, ಅಜ್ಜನ ಕೂಗಿನ ಹಾಗೆಯೇ ಕೊನೆಯಲ್ಲಿ ಎಳೆದು, ತೂಗಿ, ಇಳಿದ ಒಂದು ಸದ್ದು.

“ನಂದಲ್ಲಪ್ಪ!” ಎಂದ ಬೀರಪ್ಪ, ನಗು ಬಂದು ಹೊಲಿಗೆಯ ಮೇಲೆ ಎರಡೂ ಕೈ ಒತ್ತಿ ಹಿಡಿದುಕೊಂಡು.

ಅಜ್ಜ ತನ್ನ ಹೊಟ್ಟೆ ನೋಡಿಕೊಂಡ. ಬೀರಪ್ಪನ ಹೊಟ್ಟೆ ನೋಡಿದ. ಭವ್ಯ ಸರಕ್ಕನೆ ಕೇಸ್ ಫೈಲನ್ನು ತನ್ನ ಹೊಟ್ಟೆಗೆ ಅಡ್ಡ ಹಿಡಿದಳು. ಅಜ್ಜನ ಕಣ್ಣು ಅವಳನ್ನು ದಾಟಿ ಮೇಜಿನ ಮೇಲಿನ ಡಬ್ಬಿಯ ಮೇಲೆ ನಿಂತಿತು.

“ಮೂರು ಸಲ ಕೂಗಿದೆನಲ್ಲ ಮಗಳೇ, ನೀನ್ಯಾಕೆ ಓಗೊಡ್ಲಿಲ್ಲ?”

“ನಂದು ಆಮೇಲೆ ಅಜ್ಜ. ಡಾಕ್ಟರು ಬಂದ್ಬಿಡ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ಒಂದು ಗುಟುಕು ಕುಡೀರಿ.”

ಅಜ್ಜ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಾಯಿಗೆ ಅಂಗೈ ಮುಚ್ಚಿದ.

“ಮೊದ್ಲು ಆ ಡಬ್ಬಿ ತೆಗಿ. ನೀನು ಉಣ್ಣೋವರೆಗೂ ನಾನು ಕುಡಿಯಲ್ಲ.”